ಬಳೆ ಬೆಳಗದ ದನಿ

ಮಗ್ಗದ ಊರಿನಲ್ಲಿ ಕರೆದ ತಕ್ಷಣ ಯಾರೂ ಓ ಅನ್ನುವುದಿಲ್ಲ. ಒಂದು ಕಾರಣ, ಕೇಳಿಸುವುದಿಲ್ಲ. ಮುಂದಿನ ಕೋಣೆಯಲ್ಲಿ ಎರಡು ಕರೆಂಟು ಮಗ್ಗ ಓಡುತ್ತಿದ್ದರೆ ಹಿತ್ತಿಲ ಬಚ್ಚಲಲ್ಲಿ ಹಂಡೆ ಉರುಳಿದರೂ ಗೊತ್ತಾಗದು. ಇನ್ನೊಂದು ಕಾರಣ ಹಳೆಯದು. ಅಜ್ಜಿಯರ ಕಾಲದಲ್ಲಿ ಒಂದು ಪೀಡೆ ಬೀದಿ ಬೀದಿ ತಿರುಗಿ ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತಿತ್ತಂತೆ. ಓ ಅಂದವರು ರಕ್ತ ಕಾರಿ ಸತ್ತರಂತೆ. ಅದಕ್ಕೇ ಬಾಗಿಲ ಮೇಲೆ ಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದರು. ಪೀಡೆ ಓದಿಕೊಂಡು ಹಿಂದಿರುಗುತ್ತಿತ್ತು. ಮಾರನೇ ದಿನ ಬಂದರೆ ಮತ್ತದೇ ಬರಹ. ಅಕ್ಷರ ಬಲ್ಲ, ಆದರೆ ಬುದ್ಧಿಯಿಲ್ಲದ ಪೀಡೆ.

ಅಂಥ ಊರಿಗೆ ಸಾಕ್ಷಿಬಳೆ ಬಂದಾಗ ಜನ ಅದನ್ನು ‘ನಾಳೆ ಬಾ ಬಳೆ’ ಅಂದರು.

ಬಳೆಯ ಕೆಲಸ ಸರಳ. ಕಿವಿಗೆ ಎಟುಕುವಷ್ಟು ದೂರದಲ್ಲಿ ಮನುಷ್ಯರ ಮಾತು ಹುಟ್ಟಿದರೆ ಅದರ ಅಂಚಿನಲ್ಲಿ ನೀಲಿ ಗೆರೆಯೊಂದು ಬೆಳಗುತ್ತದೆ. ತೊಟ್ಟವರ ಸ್ವಂತ ದನಿಗೆ ಬೆಳಗದು. ಮಾತು ಕೇಳಿಸುತ್ತಿದ್ದು, ಬಳೆ ಮಾತ್ರ ಕತ್ತಲಾಗಿದ್ದರೆ, ಆ ಮಾತು ಹೊರಗಿನದಲ್ಲ, ತಲೆಯೊಳಗಿನದು. ಇಲ್ಲದ ದನಿ ಕೇಳುವ ಕಾಯಿಲೆಯವರಿಗೆಂದೇ ಮಾಡಿದ ಬಳೆ.

ಬನಶಂಕರಿ ಅದನ್ನು ಮೊದಲು ನೋಡಿದ್ದು ಅತ್ತಿಗೆಯ ಕೈಯಲ್ಲಿ.

ಅತ್ತಿಗೆ ಹಂಸವೇಣಿ ಆ ಮನೆಗೆ ಬಂದಾಗ ಹಾಡು ಗುನುಗುತ್ತಾ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದ ಹೆಣ್ಣು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಬನಶಂಕರಿಯದೂ ಅದೇ ಕೆಲಸ. ನಾದಿನಿ ಅತ್ತಿಗೆ ಎದುರುಬದುರು ಕೂತು, ಮಗ್ಗದ ಗದ್ದಲದಲ್ಲಿ ತುಟಿ ನೋಡಿಯೇ ಮಾತಾಡಿಕೊಳ್ಳುತ್ತಿದ್ದರು. ಹಾಗಾಗಿ ಮೊದಲು ಕಂಡದ್ದೂ ಬನಶಂಕರಿಗೇ. ಅತ್ತಿಗೆಯ ತುಟಿ ಯಾರಿಗೋ ಉತ್ತರ ಕೊಡುತ್ತಿತ್ತು. ಆ ದಿಕ್ಕಿನಲ್ಲಿ ಗೋಡೆಯೊಂದೇ ಇತ್ತು.

ಅವಳು ಯಾರಿಗೂ ಹೇಳಲಿಲ್ಲ. ಬಾಯಿಬಿಟ್ಟು ಹೇಳುವ ಸ್ವಭಾವವೇ ಅವಳದಲ್ಲ.

ಆಮೇಲೆ ಹಂಸವೇಣಿಗೆ ನಿದ್ದೆ ಹೋಯಿತು. ತಲೆಗೆ ಎಣ್ಣೆ ಹಚ್ಚುವುದು ಬಿಟ್ಟಳು. ತಟ್ಟೆಯ ಅನ್ನವನ್ನು ಮೂಸಿ ನೋಡಿ ಪಕ್ಕಕ್ಕೆ ಸರಿಸುತ್ತಿದ್ದಳು. ನೆಂಟರು ಬಂದರೆ ಬಾಗಿಲ ಸಂದಿಯಿಂದ ನೋಡಿ, “ಇವ್ರನ್ನ ನನ್ನ ನೋಡೋಕೇ ಕಳ್ಸಿದ್ದಾರೆ” ಅನ್ನುತ್ತಿದ್ದಳು. ಒಂದು ದಿನ ಕಂಡಿಕೆ ಕೆಳಗಿಟ್ಟು ಬನಶಂಕರಿಯ ಮೊಣಕೈ ಹಿಡಿದಳು.

“ಮಗ್ಗ ನನ್ನ ಹೆಸ್ರು ಹೇಳ್ತಿದೆ ಬನೂ. ಹಂಸಾ-ಬಾ, ಹಂಸಾ-ಬಾ. ಕೇಳಿಸ್ತಿಲ್ವಾ?”

ಬನಶಂಕರಿಯ ತಾಯಿ ರೇವಮ್ಮ ಸೊಸೆಯ ತುಟಿ ಓದಿದಳು. “ಕೆಲ್ಸ ಕದಿಯೋಳಿಗೆ ಗಳಿಗೆಗೊಂದು ನೆಪ. ಈ ಮನೆಗೆ ಬಂದು ಕೂದ್ಲು ಬೆಳ್ಳಗಾಯ್ತು, ನನ್ನ ಒಂದಿನ ಕರೀಲಿಲ್ಲ ಆ ಮಗ್ಗ. ಮಹಾರಾಣೀನ ಕರೀತಂತೆ!”

ನಿಂಬೆಹಣ್ಣು ನಿವಾಳಿಸಿದರು. ತಾಯಿತ ಕಟ್ಟಿಸಿದರು. ಅಣ್ಣ ನಾಗಭೂಷಣ ಒಳ್ಳೆಯವನೇ, ಆದರೆ ಯಾವುದಕ್ಕೂ ನಾಳೆ ಅನ್ನುವವನು. ನಾಳೆ ಸರಿಹೋಗುತ್ತಾಳೆ, ಹಬ್ಬ ಕಳೆಯಲಿ, ಮಗ್ಗಕ್ಕೇರಿಸಿದ ಈ ಹಾಸು ನೇಯ್ದು ಮುಗಿಯಲಿ. ಒಂದು ಯುಗಾದಿಯಿಂದ ಇನ್ನೊಂದು ಯುಗಾದಿ ಬಂತು. ಆ ಹಬ್ಬದ ವಾರವೇ ಹಂಸವೇಣಿ ಓಡುತ್ತಿದ್ದ ಮಗ್ಗದ ಬಾಯಿ ಮುಚ್ಚಿಸಲು ಬಲಗೈ ಒಡ್ಡಿದಳು. ಎರಡು ಬೆರಳು ಹೋದವು.

ಆಗ ಆಸ್ಪತ್ರೆಗೆ ಹೋದರು. ಕೈಯ ಡಾಕ್ಟರು ಅಲ್ಲಿಂದ ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರ್ ಉಮೈರಾ ಕೇಳಿದ ಮೊದಲ ಪ್ರಶ್ನೆ, “ಯಾಕಿಷ್ಟು ತಡ?”

“ನಾಳೆ ಸರಿಹೋಗ್ತಾಳೆ ಅಂತ ಕಾದ್ವಿ ಮೇಡಂ,” ಅಂದ ನಾಗಭೂಷಣ.

“ಎಲ್ರ ನಾಳೇನೂ ಇಷ್ಟೇ ಉದ್ದ ಇರುತ್ತೆ.” ಡಾಕ್ಟರು ಬೈಯಲಿಲ್ಲ. “ನೋಡಿ, ನಾವು ಮನಸ್ಸಲ್ಲೇ ಮಾತಾಡ್ಕೊಂಡಾಗ ಮಿದುಳು ಅದಕ್ಕೆ ‘ಇದು ನಂದು’ ಅಂತ ಮುದ್ರೆ ಒತ್ತುತ್ತೆ. ಈ ಕಾಯಿಲೇಲಿ ಆ ಮುದ್ರೆ ಬೀಳಲ್ಲ. ಸ್ವಂತ ಯೋಚ್ನೇನೇ ಬೇರೆಯವ್ರ ದನಿಯಾಗಿ ಕೇಳುತ್ತೆ. ಇದು ಮಾಟ ಅಲ್ಲ, ನಾಟಕಾನೂ ಅಲ್ಲ. ನಿದ್ದೆ ಹೋದಾಗ, ಇವ್ರೇ ಹೇಳೋ ಹಾಗೆ ಗೋಡೆಗೆ ಉತ್ತರ ಕೊಟ್ಟಾಗಲೇ ಬಂದಿದ್ರೆ ಬೆರಳು ಉಳೀತಿತ್ತು.”

ಗೋಡೆ ಎಂಬ ಮಾತು ಕೇಳಿ ಬನಶಂಕರಿ ತಲೆ ತಗ್ಗಿಸಿದಳು.

ಮಾತ್ರೆ ಶುರುವಾಯಿತು. ಜೊತೆಗೆ ಬಳೆ. “ಬಳೆ ಔಷಧಿ ಅಲ್ಲ, ಊರುಗೋಲು,” ಅಂದರು ಡಾಕ್ಟರು. “ದನಿ ಕೇಳಿದ್ರೆ ಬಳೆ ನೋಡು. ಕತ್ತಲಾಗಿದ್ರೆ ಓಗೊಡಬೇಡ. ನಿನ್ನ ಪಾಡಿಗೆ ನೀನು ಕೆಲ್ಸ ಮಾಡ್ತಿರು.”

ಆದರೆ ಬಳೆ ಮನೆಗೆ ಬಂದದ್ದೇ ತಡ, ಅದಕ್ಕೇ ಹುಚ್ಚು ಹಿಡಿಯಿತು. ಮಗ್ಗದ ಬಡಿತದಲ್ಲಿ ಅದಕ್ಕೂ ಮಾತು ಕೇಳಿಸಿ, ದಿನವಿಡೀ ಉರಿಯತೊಡಗಿತು. ಊರಿನ ಎಲ್ಲ ಬಳೆಗಳದೂ ಅದೇ ಕಥೆ. ಆಸ್ಪತ್ರೆಯವರು ಊರಲ್ಲೇ ಒಂದು ಕೇಂದ್ರ ತೆರೆದು, ಪ್ರತಿ ಮನೆಯ ಮಗ್ಗದ ಸದ್ದನ್ನು ಹಿಡಿದು ತಂದು, ಇದಕ್ಕೆ ಬೆಳಗಬೇಡ ಎಂದು ಆ ಮನೆಯ ಬಳೆಗೆ ಕಲಿಸಬೇಕಾಯಿತು. ಆ ಕೆಲಸಕ್ಕೆ ಸದ್ದಿನೊಳಗೆ ಸದ್ದು ಬಿಡಿಸಬಲ್ಲ ಕಿವಿ ಬೇಕಿತ್ತು. ಮಗ್ಗದ ಮನೆಯ ಹುಡುಗಿಯರಿಗೆ ಅದು ಹುಟ್ಟಿನಿಂದ ಬಂದದ್ದು. ಬನಶಂಕರಿ ಸೇರಿಕೊಂಡಳು.

ಕೇಂದ್ರದ ಕೋಣೆಗೆ ದಪ್ಪ ಹತ್ತಿಯ ಗೋಡೆ. ಹುಟ್ಟಿದ ಮೇಲೆ ಅವಳು ಅಷ್ಟು ಮೌನ ಕೇಳಿದ್ದು ಅದೇ ಮೊದಲು. ಬಳೆಯನ್ನು ಬಟ್ಟಲಿನಲ್ಲಿಟ್ಟು ಮಗ್ಗದ ಸದ್ದು ಉಣಿಸಿದರೆ, ಪರದೆಯ ಮೇಲೆ ‘ಮರೆಯಬೇಕೆ?’ ಎಂದು ಬರುತ್ತಿತ್ತು. ಹೌದು ಅಂದರೆ ಮತ್ತೊಂದು ಪ್ರಶ್ನೆ: ‘ಇದು ಯಂತ್ರವೇ?’

“ಆ ಎರಡನೇ ಪ್ರಶ್ನೆ ಯಾಕೆ ಗೊತ್ತಾ?” ಮೊದಲ ದಿನವೇ ಡಾಕ್ಟರ್ ಉಮೈರಾ ಕೇಳಿದ್ದರು. “ಯಂತ್ರದ ಸದ್ದು ಮರೆಸಬಹುದು. ಮನುಷ್ಯರ ದನಿ ಮರೆಸಬಾರದು. ಯಾರದ್ದೇ ಆಗ್ಲಿ.”

ಬಿಡುವಿನಲ್ಲಿ ಅವಳು ಸಹಾಯದ ಫೋನೂ ಎತ್ತಬೇಕಿತ್ತು. ಜನರೆದುರು ನಿಂತರೆ ನಾಲಗೆ ಏಳದವಳಿಗೆ ಫೋನಿನಲ್ಲಿ ಮಾತು ಬಂತು. “ನಿದ್ದೆ ಹೋಗಿದ್ಯಾ? ಒಬ್ರೇ ಮಾತಾಡ್ಕೊಳ್ತಾರಾ? ಎಲ್ರ ಮೇಲೂ ಅನುಮಾನಾನಾ? ಹಾಗಾದ್ರೆ ನಾಳೆ ಅನ್ಬೇಡಿ. ಇವತ್ತೇ ಕರ್ಕೊಂಡು ಬನ್ನಿ.” ದಿನವೂ ಅದನ್ನೇ ಹೇಳುತ್ತಿದ್ದಳು.

ಮನೆಯಲ್ಲಿ ಬಳೆ ನೆಟ್ಟಗಾಯಿತು. ಹಂಸವೇಣಿ ಮತ್ತೆ ಉಂಡಳು, ಮಲಗಿದಳು, ಉಳಿದ ಬೆರಳುಗಳಲ್ಲೇ ಕಂಡಿಕೆ ಸುತ್ತಿದಳು. ಮಗ್ಗ ಹೆಸರು ಕೂಗಿದರೆ ಬಳೆ ನೋಡಿ, ಕತ್ತಲು ಕಂಡು, ಮುಗುಳ್ನಗುತ್ತಿದ್ದಳು.

ಆ ನಗು ಹೆಚ್ಚು ದಿನ ಉಳಿಯಲಿಲ್ಲ.

“ಬನೂ,” ಅಂದಳು ಒಂದು ದಿನ, ಸೊಪ್ಪು ಬಿಡಿಸುತ್ತಾ. “ಬೈಗುಳದ ದನಿ ಇತ್ತಲ್ಲ? ಬೆನ್ನ ಹಿಂದೆ, ಅತ್ತೆ ದನೀಲಿ ಬರೋದು? ಬಂಜೆ, ಮೊಂಡುಗೈ, ಎರಡು ಬೆರಳಲ್ಲ, ಇಡೀ ಹೆಣ್ಣೇ ಹೋಗಿದ್ರೆ ಆಗ್ತಿತ್ತು ಅಂತ. ಅದೂ ಕಾಯ್ಲೇನೇ ಅಂದ್ಕೊಂಡಿದ್ದೆ.”

“ಹ್ಞೂಂ?”

“ಅದಕ್ಕೆ ಬಳೆ ಬೆಳಗ್ತಿದೆ.”

ರೇವಮ್ಮನಿಗೆ ಎರಡು ಗಂಟಲು. ಒಂದು ಮಗ್ಗವನ್ನು ಮೀರಿ ಕೂಗುವುದು. ಇನ್ನೊಂದು ಒಲೆಯ ಮುಂದೆ, ಮಗನಿಗೆ ಕೇಳದಷ್ಟು, ಸೊಸೆಗೆ ಕೇಳುವಷ್ಟು ಗೊಣಗುವುದು. ಬನಶಂಕರಿ ಅದರ ನಡುವೆಯೇ ಬೆಳೆದವಳು. ಆ ಎರಡನೇ ಗಂಟಲಿನ ಮಾತು ಅವಳಿಗೆ ಹೊಗೆಯ ವಾಸನೆಯಂತೆ ಅಭ್ಯಾಸವಾಗಿ ಹೋಗಿತ್ತು.

“ಅಮ್ಮಾ, ಸ್ವಲ್ಪ ಬಾಯಿ ಹಿಡಿ. ಅವ್ಳಿಗೆ ಮತ್ತೆ ನಿದ್ದೆ ಹೋಗಿದೆ.”

“ನನ್ನ ಮನೇಲಿ ನಾನು ಬಾಯಿಗೆ ಬೀಗ ಹಾಕ್ಕೊಂಡು ಕೂರ್ಬೇಕಾ? ಗಾಜಿನ ಬಳೆ ಬಿಚ್ಚಿಟ್ಟು ಕೈಗೆ ಲೈಟು ಹಾಕ್ಕೊಂಡವ್ಳೆ, ಗಣೇಶನ ಪೆಂಡಾಲ್ ಥರ. ಅದು ಉರೀಲಿ ಅಂತಾನೇ ಒಂದೆರಡು ಮಾತಾಡ್ತೀನಿ. ಖಾಲಿ ಯಾಕಿರ್ಬೇಕು?”

ಡಾಕ್ಟರ್ ಉಮೈರಾ ರೇವಮ್ಮನನ್ನು ಕರೆಸಿದರು. ಚುಚ್ಚುಮಾತಿನ ಮನೆಯಲ್ಲಿ ಈ ಕಾಯಿಲೆ ಬೇಗ ಮರುಕಳಿಸುತ್ತದೆ ಎಂದು ಬಿಡಿಸಿ ಹೇಳಿದರು. ರೇವಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ನನ್ನ ಹೊಟ್ಟೇಲಿ ಹುಟ್ಟಿದ ಮಗ್ಳಿಗಿಂತ ಹೆಚ್ಚಾಗಿ ನೋಡ್ಕೊತೀನಿ ಡಾಕ್ಟ್ರೇ.” ಅಲ್ಲಿದ್ದ ನರ್ಸಮ್ಮನಿಗೂ ಕಣ್ಣು ಒದ್ದೆಯಾಯಿತು. ಬಸ್ಸು ಹತ್ತುವಾಗ ರೇವಮ್ಮ ಸೊಸೆಯ ಕಿವಿಯ ಹತ್ತಿರ ಬಾಗಿ ಏನೋ ಅಂದಳು. ಬನಶಂಕರಿಗೆ ಕೇಳಿಸಲಿಲ್ಲ. ಬಳೆ ಬೆಳಗಿದ್ದು ಮಾತ್ರ ಕಂಡಿತು.

ಮಾತ್ರೆ ಹೆಚ್ಚಿಸಿದರು. ಆದರೂ ಹಂಸವೇಣಿ ತಟ್ಟೆ ಮೂಸಲು ಶುರು ಮಾಡಿದಳು. ಮತ್ತೆ ಮಗ್ಗದ ಕಡೆ ನೋಡುತ್ತಿದ್ದಳು, ಎಡಗೈಯನ್ನು ಸೆರಗಿನಿಂದ ಹೊರಗೆ ತೆಗೆದು, ಮಡಿಸಿ, ಬಿಡಿಸಿ.

ಆ ಎಡಗೈ ನೋಡಿದ ದಿನ ಬನಶಂಕರಿ ನಿರ್ಧಾರ ಮಾಡಿದಳು. ತಾಯಿಯನ್ನು ಸುಮ್ಮನಾಗಿಸಲು ಆಗುವುದಿಲ್ಲ. ಡಾಕ್ಟರಿಂದಲೂ ಆಗಲಿಲ್ಲ. ಬಳೆಯನ್ನು ಸುಮ್ಮನಾಗಿಸಬಹುದು.

“ಅಮ್ಮಾ, ಬಳೆಗೆ ನಿನ್ನ ದನಿ ಪರಿಚಯ ಮಾಡಿಸ್ಬೇಕು. ಇದ್ರಲ್ಲಿ ಸ್ವಲ್ಪ ಮಾತಾಡು.”

“ನನ್ನ ದನಿಯಾ?” ರೇವಮ್ಮನ ಮುಖ ಅರಳಿತು. ಅಂಥದ್ದನ್ನು ಅವಳಿಂದ ಯಾರೂ ಎಂದೂ ಕೇಳಿರಲಿಲ್ಲ. ತಲೆಗೂದಲು ಸವರಿಕೊಂಡು, ಮಗಳು ಕೇಂದ್ರದಿಂದ ತಂದ ದನಿ ಹಿಡಿಯುವ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ಮೊದಲು ನೆಂಟರನ್ನೆಲ್ಲ ಬೈದಳು. ಆಮೇಲೆ ನಾಚಿಕೊಂಡು ಒಂದು ಸೋಬಾನೆ ಹಾಡಿದಳು. ಒಳ್ಳೆಯ ಕಂಠ. “ಸಾಕಾ? ಇನ್ನೊಂದು ಹೇಳ್ಲಾ?”

“ಸಾಕಮ್ಮ.”

ಹತ್ತಿಯ ಗೋಡೆಯ ಕೋಣೆಯಲ್ಲಿ ಬನಶಂಕರಿ ಬಳೆಯನ್ನು ಬಟ್ಟಲಿನಲ್ಲಿಟ್ಟು ತಾಯಿಯ ದನಿ ಉಣಿಸಿದಳು. ಬೈಗುಳ ಮುಗಿದು ಸೋಬಾನೆ ಮುಗಿಯಿತು. ಮರೆಯಬೇಕೆ? ಹೌದು. ಇದು ಯಂತ್ರವೇ? ಬೆರಳು ಒಂದು ಕ್ಷಣ ನಿಂತಿತು. ಹೌದು, ಎಂದು ಒತ್ತಿದಳು.

ಮನೆಯಲ್ಲಿ ಹಂಸವೇಣಿ ಎರಡೇ ದಿನದಲ್ಲಿ ಕೇಳಿದಳು. “ಬನೂ, ಅತ್ತೆ ಎದುರಿಗೇ ನಿಂತು ಮಾತಾಡಿದ್ರು. ತುಟೀನೂ ಆಡ್ತು. ಬಳೆ ಬೆಳಗ್ಲಿಲ್ಲ.”

ಬನಶಂಕರಿ ಆ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೊಸೆದಿಟ್ಟುಕೊಂಡಿದ್ದಳು. “ಅಂದ್ರೆ ಅವ್ರು ಸುಮ್ನೆ ನಿಂತಿದ್ರು ಅತ್ತಿಗೆ. ಮಾತು, ತುಟಿ, ಎರಡೂ ಕಾಯ್ಲೇನೇ ತೋರಿಸ್ತು. ಅಮ್ಮ ನಿನ್ನ ಹತ್ರ ಮಾತಾಡೋದನ್ನೇ ನಿಲ್ಸಿದಾರೆ. ಡಾಕ್ಟರು ಹೇಳಿದ್ಮೇಲೆ.”

“ಹಾಗಾದ್ರೆ ಅತ್ತೆ ಒಳ್ಳೆಯವರಾದ್ರು ಅನ್ನು,” ಅಂದಳು ಹಂಸವೇಣಿ. ಅವಳ ಕಣ್ಣು ತುಂಬಿತು.

ಅಲ್ಲಿಂದ ಆ ಮನೆಯಲ್ಲಿ ವಿಚಿತ್ರ ಶುರುವಾಯಿತು. ರೇವಮ್ಮ ಸೊಸೆಯ ಮುಖಕ್ಕೆ ಮುಖವಿಟ್ಟು ಬಾಯಿಗೆ ಬಂದದ್ದು ಅಂದರೆ, ಸೊಸೆ ಬಳೆಯನ್ನೊಮ್ಮೆ ನೋಡಿ, ತಾಯಿಯಂಥ ಅತ್ತೆಗೆ ಕೊಡುವ ನಗು ನಕ್ಕು, “ಅತ್ತೆ, ಕಾಫಿ ಕೊಡ್ಲಾ?” ಅನ್ನುತ್ತಿದ್ದಳು. ರೇವಮ್ಮ ದನಿ ಏರಿಸಿದಳು. ಕಾಫಿ ಬಂತು. ಲೋಟ ಎಸೆದಳು. ಹಂಸವೇಣಿ ನೆಲ ಒರೆಸಿ, “ಕೈ ನಡುಗ್ತಾ ಅತ್ತೆ? ವಯಸ್ಸಾಯ್ತು,” ಅಂದಳು.

“ಲೇ ಭೂಷಣ, ನಿನ್ನ ಹೆಂಡ್ತಿ ನನ್ನ ನಾಯಿಗಿಂತ ಕಡೆ ಮಾಡವ್ಳೆ ಕಣೋ! ನಾಯಿ ಬೊಗಳಿದ್ರೂ ಹಚಾ ಅಂತಾರೆ. ಇವ್ಳಿಗೆ ನಾನು ಬೊಗಳಿದ್ದೂ ಕೇಳಲ್ಲ!”

ನಾಗಭೂಷಣ ನಕ್ಕುಬಿಟ್ಟ. ಬನಶಂಕರಿಯೂ ನಕ್ಕಳು. ಎಷ್ಟೋ ವರ್ಷದ ಮೇಲೆ ಆ ಮನೆಯಲ್ಲಿ ಜನ ನಗುತ್ತಿದ್ದರು. ರೇವಮ್ಮ ಮಾತ್ರ ದಿನದಿಂದ ದಿನಕ್ಕೆ ಕುಗ್ಗಿದಳು. ಒಮ್ಮೊಮ್ಮೆ ಗೋಡೆಗೆ ಒರಗಿ ತನ್ನ ಗಂಟಲನ್ನು ತಾನೇ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಬನಶಂಕರಿ ಅದನ್ನೂ ಕಂಡಳು. ಕಂಡು, ಇರಲಿ, ಸ್ವಲ್ಪ ದಿನ ಉಣ್ಣಲಿ, ಅಂದುಕೊಂಡಳು.

ಹಂಸವೇಣಿಯ ಕೆನ್ನೆ ತುಂಬಿತು. ಮತ್ತೆ ಗುನುಗತೊಡಗಿದಳು.

ಅದು ನಡೆದದ್ದು ದೀಪಾವಳಿಯ ಹಟ್ಟಿಹಬ್ಬದ ಮುಂಚಿನ ವಾರ, ಹಾಡುಹಗಲು. ಬನಶಂಕರಿ ಕೇಂದ್ರದಿಂದ ಬಂದಾಗ ಮುಂದಿನ ಕೋಣೆಯಲ್ಲಿ ಅಣ್ಣ ಎರಡೂ ಮಗ್ಗ ಓಡಿಸುತ್ತಿದ್ದ. ಬಚ್ಚಲಿಗೆ ಅಂಟಿದ ಅಡುಗೆಮನೆಯಲ್ಲಿ ಹಂಸವೇಣಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನಾದಿನಿಯನ್ನು ಕಂಡದ್ದೇ ಎದ್ದು ಬಂದಳು, ಪರೀಕ್ಷೆ ಪಾಸಾದ ಮಗುವಿನಂತೆ.

“ಬನೂ, ಇವತ್ತು ನಾನು ಗೆದ್ದೆ ಕಣೇ.”

“ಏನಾಯ್ತು ಅತ್ತಿಗೆ?”

“ದನಿ ಬಂತು. ಬೆಳಗ್ಗಿಂದ ಎಷ್ಟು ಹೊತ್ತು ಬಂತು ಗೊತ್ತಾ? ಬಚ್ಚಲ ಕಡೆಯಿಂದ. ಇವತ್ತು ಬೈಲೇ ಇಲ್ಲ. ಬಹಳ ನಾಜೂಕು ಮಾಡ್ತು. ‘ಹಂಸಾ, ನನ್ ಮಗ್ಳೇ, ಬಾರೇ, ಉರಿ ತಡಿಯೋಕಾಗ್ತಿಲ್ಲ’ ಅಂತು. ಎದ್ದೇಬಿಟ್ಟಿದ್ದೆ. ಬಳೆ ನೋಡ್ದೆ, ಕತ್ತಲು. ಅಲ್ಲದೆ ಅತ್ತೆ ಯಾವತ್ತಾದ್ರೂ ನನ್ನ ಮಗ್ಳೇ ಅಂದಿದ್ದಾರಾ? ಅದ್ರಲ್ಲೇ ಗೊತ್ತಾಯ್ತು ಸುಳ್ಳು ಅಂತ.” ಹಂಸವೇಣಿ ಬಳೆಯನ್ನು ಸೆರಗಿನಿಂದ ಒರೆಸಿದಳು. “ಓಗೊಡ್ಲಿಲ್ಲ. ಕೂತು ಅವರೆಕಾಯಿ ಸುಲಿದೆ. ಆಮೇಲೆ ಅದೇ ಸೋತು ಸುಮ್ಮನಾಯ್ತು.”

ಬನಶಂಕರಿ ಬಚ್ಚಲಿಗೆ ಓಡಿದಳು. ಅಗುಳಿ ಒಳಗಿನಿಂದ ಹಾಕಿತ್ತು. ಅಣ್ಣ ಬಂದು ಬಾಗಿಲು ಒದ್ದ. ಹಂಡೆ ಉರುಳಿತ್ತು. ರೇವಮ್ಮನ ಸೊಂಟ ಮುರಿದಿತ್ತು, ಕುದಿನೀರು ಮೈಯೆಲ್ಲ ಬೇಯಿಸಿತ್ತು. ಬಾಯಿ ತೆರೆದೇ ಇತ್ತು. ಬನಶಂಕರಿ ಅಭ್ಯಾಸಬಲದಿಂದ ಆ ತುಟಿ ಓದಿದಳು. ಅದು ‘ಹಂಸಾ’ ಅಲ್ಲಿಗೇ ನಿಂತಿತ್ತು.

ಹೆಣದ ಮುಂದೆ ಕೂತ ಜನ ಬೇರೆ ಏನನ್ನೂ ಹುಡುಕಲಿಲ್ಲ. ಹುಚ್ಚಿಯನ್ನು ಮನೆಯಲ್ಲಿ ಇಟ್ಟುಕೊಂಡರೆ ಹೀಗೇ. ಕೂಗಿದ್ದು ಕೇಳಿಯೂ ಕಾಯಿ ಸುಲಿದಳಂತೆ! ಎರಡು ಗೋಡೆಯಾಚೆ ಮಗ್ಗ ಓಡಿಸುತ್ತಿದ್ದ ನಾಗಭೂಷಣ ಎಲ್ಲರಿಗಿಂತ ಜೋರಾಗಿ ಕೂಗಿದ. “ಅದು ನಿಜ್ವಾಗ್ಲೂ ಅಮ್ಮ ಕಣೇ! ಅಮ್ಮಾನೇ ಕರೆದದ್ದು! ನೀನು ಕೇಳಿಸ್ಕೊಂಡು ಕೂತಿದ್ದೆ!”

ಹಂಸವೇಣಿ ಬಳೆ ನೋಡಿದಳು. ಗಂಡನ ದನಿಗೆ ಅದು ಉರಿಯುತ್ತಿತ್ತು. ನಿಜ. ಹಾಗಾದರೆ ಎಲ್ಲವೂ ನಿಜ. ಅವಳು ಬನಶಂಕರಿಯ ಕಡೆ ತಿರುಗಿದಳು.

“ಬನೂ, ನೀನು ಹೇಳು. ಬಳೆ ಸುಳ್ಳು ಹೇಳುತ್ತಾ?”

ಮೂವತ್ತು ಜನ ಬನಶಂಕರಿಯನ್ನು ನೋಡುತ್ತಿದ್ದರು. ಅವಳ ನಾಲಗೆ ಏಳಲಿಲ್ಲ.

ಹಂಸವೇಣಿ ಬಳೆ ಕಳಚಿ ನಾದಿನಿಯ ಮಡಿಲಲ್ಲಿಟ್ಟಳು. ಆಮೇಲೆ ಮಾತಾಡಲಿಲ್ಲ, ಉಣ್ಣಲಿಲ್ಲ, ಮಾತ್ರೆಗೂ ಬಾಯಿ ತೆರೆಯಲಿಲ್ಲ. ಅವಳನ್ನು ಮತ್ತೆ ಆಸ್ಪತ್ರೆಗೆ ಸೇರಿಸಿದರು. ಕೂಗಿದರೆ ತಿರುಗುವುದಿಲ್ಲ. ನಿಜವಾದ ದನಿಗೂ ಇಲ್ಲ, ಸುಳ್ಳು ದನಿಗೂ ಇಲ್ಲ.

ಡಾಕ್ಟರ್ ಉಮೈರಾ ಬನಶಂಕರಿಯನ್ನು ಕರೆದು ಕೇಳಿದರು. “ನಿನಗೆ ಕಷ್ಟ ಅಂತ ಗೊತ್ತು. ಆದ್ರೂ ಕೇಳ್ಬೇಕು. ಬಳೇಲಿ ಏನಾದ್ರೂ ದೋಷ ಇತ್ತಾ? ಇದ್ದಿದ್ರೆ ಹಂಸವೇಣಿಗೆ ಅದನ್ನ ಹೇಳ್ಬೇಕು. ‘ನಿನ್ನ ತಪ್ಪಲ್ಲ’ ಅಂತ ಯಾರಾದ್ರೂ ಹೇಳಿದ್ರೆ ಅವಳು ವಾಪಸ್ ಬರಬಹುದು.”

“ಇಲ್ಲ ಮೇಡಂ. ಬಳೆ ಸರಿಯಾಗಿತ್ತು.”

ಬಳೆ ಅವಳ ಚೀಲದಲ್ಲೇ ಇತ್ತು. ಬಳೆಯ ಮರೆವಿನ ಪಟ್ಟಿಯಿಂದ ಆ ದನಿಯನ್ನು ಅಳಿಸಲು ಒಂದೇ ಗುಂಡಿ ಸಾಕು. ಆದರೆ ಅಳಿಸುವ ಮೊದಲು ಯಂತ್ರ ಆ ದನಿಯನ್ನು ಪೂರ್ತಿ ಕೇಳಿಸುತ್ತದೆ. ಬೈಗುಳ, ನಾಚಿಕೆ, ಸೋಬಾನೆ, ‘ಸಾಕಾ? ಇನ್ನೊಂದು ಹೇಳ್ಲಾ?’ ಅವಳಿಂದ ಆಗಲಿಲ್ಲ. ನಾಳೆ ಅಳಿಸುತ್ತೇನೆ, ಅಂದುಕೊಂಡಳು.

ತಿಥಿ ಕಳೆದ ಮೇಲೆ ಒಂದು ಬೆಳಗ್ಗೆ, ಹಿತ್ತಿಲಲ್ಲಿ ಪಾತ್ರೆ ಉಜ್ಜುವಾಗ, ಬಚ್ಚಲ ಕಡೆಯಿಂದ ಯಾರೋ ಕರೆದರು. “ಬನೂ.”

ಎರಡನೇ ಗಂಟಲಿನ ದನಿ. ಮೊದಲ ಸಲ ಅವಳು ತಿರುಗಲಿಲ್ಲ. ಎರಡನೇ ಸಲ ಪಾತ್ರೆ ಕೆಳಗಿಟ್ಟಳು. ಮೂರನೇ ಸಲಕ್ಕೆ ಚೀಲದಿಂದ ಬಳೆ ತೆಗೆದು ಕೈಗೆ ಹಾಕಿಕೊಂಡಳು. ಕತ್ತಲು. ಸಮಾಧಾನ ಆಯಿತು. ಮರುಗಳಿಗೆಗೆ ಆ ಸಮಾಧಾನ ಹೋಯಿತು. ಆ ದನಿ ತಲೆಯೊಳಗಿನದಾಗಿದ್ದರೂ ಈ ಬಳೆ ಬೆಳಗದು. ಸತ್ತವಳೇ ಎದ್ದು ಬಂದು ಕಿವಿಯಲ್ಲಿ ಕೂಗಿದರೂ ಬೆಳಗದು. ಲೋಕದ ಎಲ್ಲ ದನಿಗೂ ಸಾಕ್ಷಿ ಹೇಳುವ ಬಳೆ ಇದೊಂದಕ್ಕೆ ಮಾತ್ರ ಸಾಕ್ಷಿ ಹೇಳದು.

ಅವಳಿಗೆ ನಿದ್ದೆ ಹೋಗಿತ್ತು. ಅಣ್ಣ ತನ್ನನ್ನೇ ದಿಟ್ಟಿಸುತ್ತಾನೆ ಅನ್ನಿಸುತ್ತಿತ್ತು. ಯಾರನ್ನಾದರೂ ಕಳೆದುಕೊಂಡವರಿಗೆ ಅವರ ದನಿ ಒಂದೆರಡು ಸಲ ಕೇಳುವುದುಂಟು, ಅದು ಕಾಯಿಲೆಯಲ್ಲ ಎಂದು ಡಾಕ್ಟರು ಹೇಳಿದ್ದು ನೆನಪಿತ್ತು. ದನಿ ಬಿಡದೆ ಬಂದು, ನಿದ್ದೆಯೂ ಹೋಗಿ, ಅನುಮಾನವೂ ಹತ್ತಿದರೆ ತಡ ಮಾಡಬಾರದು ಎಂದದ್ದೂ ನೆನಪಿತ್ತು. ಕೇಂದ್ರದಲ್ಲಿ ಅವಳು ಕೂರುವ ಜಾಗಕ್ಕೆ ಡಾಕ್ಟರ್ ಉಮೈರಾ ಇರುವುದು ಪಕ್ಕದ ಕೋಣೆಯಲ್ಲೇ. ಬಾಗಿಲು ತಟ್ಟಿ ‘ಮೇಡಂ, ನನಗೆ ದನಿ ಕೇಳ್ತಿದೆ’ ಅಂದರೆ ಸಾಕು. ಯಾರ ದನಿ, ಅನ್ನುತ್ತಾರೆ. ಬಳೆ ಏನು ಹೇಳಿತು, ಅನ್ನುತ್ತಾರೆ.

ಫೋನು ರಿಂಗಾಯಿತು. ಯಾರೋ ಗಂಡಸು, ದೂರದ ಹಳ್ಳಿಯಿಂದ. ತಮ್ಮ ಒಬ್ಬನೇ ಮಾತಾಡುತ್ತಾನೆ, ಮಲಗುವುದಿಲ್ಲ. ಭತ್ತದ ಕೊಯ್ಲು ಮುಗಿಸಿಕೊಂಡು ಬರಲೇ?

“ಬೇಡ,” ಅಂದಳು ಬನಶಂಕರಿ. ದನಿ ಸ್ಪಷ್ಟವಾಗಿತ್ತು. “ನಾಳೆ ಅನ್ಬೇಡಿ. ಇವತ್ತೇ ಕರ್ಕೊಂಡು ಬನ್ನಿ. ತಡ ಮಾಡಿದ್ರೆ ಕೈಬೆರಳು ಹೋಗುತ್ತೆ, ಜೀವ ಹೋಗುತ್ತೆ. ಇವತ್ತೇ.”

ಫೋನು ಇಟ್ಟಳು. ಹತ್ತಿಯ ಗೋಡೆಯ ಮೌನ. ಅದರೊಳಗೆ, ಕಿವಿಯ ಹಿಂದೆಯೇ, ಮಗನಿಗೆ ಕೇಳದಷ್ಟು, ಮಗಳಿಗೆ ಕೇಳುವಷ್ಟು:

“ಬನೂ. ನಾನು ಯಂತ್ರವೇನೇ?”

ಬನಶಂಕರಿ ಬಳೆ ನೋಡಲಿಲ್ಲ. ಪಕ್ಕದ ಕೋಣೆಯ ಬಾಗಿಲನ್ನು ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ, ಸದ್ದಿಲ್ಲದೆ ತುಟಿಯನ್ನಷ್ಟೇ ಆಡಿಸಿದಳು.

“ನಾಳೆ ಬಾ.”